ದೊಡ್ಡಮ್ಮನ ಹಿಂದೆ ಗುಂಡಣ್ಣ

ಕುದುರೆ ಸವಾರಿ ಕಲಿಸುವ ಆ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಹಿಮ್ಮಡಿ ಟೀಚರ್. ಸಾಲಾಗಿ ಸಾಗುವ ಕುದುರೆಗಳ ಮುಂದೆ, ದೊಡ್ಡಮ್ಮ ಎಂಬ ಎತ್ತರದ ಬೂದುಬಣ್ಣದ ಹೆಣ್ಣುಕುದುರೆಯ ಮೇಲೆ ಕುಳಿತು, ಅರ್ಧ ಮೈ ಹಿಂದಕ್ಕೆ ತಿರುಗಿಸಿ ಆಕೆ ದಿನವಿಡೀ ಕೂಗುತ್ತಿದ್ದುದು ಒಂದೇ ಮಾತು: "ಹಿಮ್ಮಡಿ ಕೆಳಗೆ! ಹಿಮ್ಮಡಿ ಕೆಳಗೆ!" ಹಿಮ್ಮಡಿ ಮೇಲೆದ್ದರೆ ಸವಾರ ಮುಂದಕ್ಕೆ ವಾಲುತ್ತಾನೆ, ವಾಲಿದವನು ಬೀಳುತ್ತಾನೆ, ಬಿದ್ದವನ ತಾಯಿ ಬಂದು ಟೀಚರ್ ತಲೆ ತಿನ್ನುತ್ತಾಳೆ. ಹಾಗಾಗಿ ಆ ಮಾತು ಆಕೆಯ ನಾಲಿಗೆಗೆ ಅಂಟಿಹೋಗಿತ್ತು. ಒಮ್ಮೆ ಅಂಚೆ ಕಚೇರಿಯಲ್ಲಿ ಬಲ್ಬು ಹಾಕಲು ಏಣಿ ಹತ್ತಿದವನನ್ನು ಕಂಡು ಹಾಗೆಯೇ ಕೂಗಿಬಿಟ್ಟಳು. ಅವನು ಬೆಚ್ಚಿಬಿದ್ದು ಬಲ್ಬನ್ನೇ ಕೈಬಿಟ್ಟ. ಹೊಸ ಬಲ್ಬನ್ನು ಆಕೆಯೇ ತಂದುಕೊಡಬೇಕಾಯಿತು.

"ಮುಂದೆ ನೋಡೋದು ದೊಡ್ಡಮ್ಮನ ಕೆಲಸ, ಹಿಂದೆ ನೋಡೋದು ನನ್ನ ಕೆಲಸ" ಎಂದು ಆಕೆ ಜಂಬದಿಂದ ಹೇಳಿಕೊಳ್ಳುತ್ತಿದ್ದಳು. ದೊಡ್ಡಮ್ಮ ಆಕೆಯ ಕೈಯಲ್ಲೇ ಬೆಳೆದ ಕುದುರೆ. ಹುಟ್ಟಿದ ದಿನವೇ ತಾಯಿ ಸತ್ತದ್ದರಿಂದ ಅಡುಗೆಮನೆಯ ಮೂಲೆಯಲ್ಲಿ ಗೋಣಿ ಹಾಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮರಿ ಅದು. ಆಗಷ್ಟೇ ಮದುವೆಯಾಗಿ ಬಂದಿದ್ದ ಟೀಚರ್, ಮರಿಯನ್ನು ಬಿಟ್ಟು ತವರಿಗೂ ಹೋಗುತ್ತಿರಲಿಲ್ಲ. ಮಗಳಂತೆ ಬೆಳೆದದ್ದು ಮಕ್ಕಳ ಬಾಯಲ್ಲಿ ದೊಡ್ಡಮ್ಮ ಆದದ್ದು ಅದರ ಗತ್ತಿನಿಂದ. ಯಾರಾದರೂ ಜೋರಾಗಿ ನಕ್ಕರೆ ಕತ್ತು ತಿರುಗಿಸಿ ಅಂಥಾ ನೋಟ ನೋಡುತ್ತಿತ್ತು. ನಡೆಯುವಾಗ ಅದರ ಹಿಂಗಾಲಿನ ಲಾಳ ಮುಂಗಾಲಿನ ಲಾಳಕ್ಕೆ ತಗುಲಿ ಆಗಾಗ ಟಣ್ ಎನ್ನುತ್ತಿತ್ತು. ಲಾಳ ಕಟ್ಟುವವನು ಎಷ್ಟು ತಿದ್ದಿದರೂ ಆ ಟಣ್ ಹೋಗಲಿಲ್ಲ.

ಟೀಚರಿನ ಗಂಡ ಜೀನು, ಲಗಾಮು ಹೊಲಿಯುವವನು. ಲಾಯದ ಪಕ್ಕದ ಕೋಣೆಯಲ್ಲಿ ಚರ್ಮ, ಮೇಣ, ದಪ್ಪ ದಾರದ ನಡುವೆ ಕುಳಿತು, ಕಿಟಕಿಯಿಂದ ಹೆಂಡತಿಯ ಕೂಗು ಕೇಳುತ್ತ ಸೂಜಿ ಎಳೆಯುವುದು ಅವನ ಸುಖ. ಮಾತು ಕಡಿಮೆ, ಆಡಿದರೆ ಚುಚ್ಚು. ಅದನ್ನು ಸೂಜಿಯಿಂದ ಕಲಿತದ್ದು ಎಂದು ಆಕೆ ಹೇಳುತ್ತಿದ್ದಳು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಿಬಿಡಬೇಕು. ಟೀಚರಿನ ಅಪ್ಪ ಹಾಲಿನ ಗಾಡಿ ಓಡಿಸುತ್ತಿದ್ದವನು. ಹಾಲಿಗೆ ವ್ಯಾನು ಬಂದ ವರ್ಷ, ಗಾಡಿಯ ಮುದಿ ಕುದುರೆಯನ್ನು ಒಬ್ಬ ವ್ಯಾಪಾರಿ ನಗುನಗುತ್ತ ಬಂದು ಹೊಡೆದುಕೊಂಡು ಹೋದ. ಎಲ್ಲಿಗೆ ಎಂದು ಅಪ್ಪ ಕೇಳಲಿಲ್ಲ. ಪುಟ್ಟ ಹುಡುಗಿ ಕೇಳಿದಾಗೆಲ್ಲ, "ದೊಡ್ಡ ಹೊಲದಲ್ಲಿ ಹಸಿರು ಹುಲ್ಲು ತಿಂತಾ ಇದೆ ಕಣಮ್ಮ" ಎನ್ನುತ್ತಿದ್ದ. ಆ ಹೊಲ ಎಲ್ಲೂ ಇರಲಿಲ್ಲ ಎಂದು ಆಕೆಗೆ ತಿಳಿಯುವ ಹೊತ್ತಿಗೆ ಅಪ್ಪನೇ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟಿರಲಿಲ್ಲ ಆಕೆಗೆ, ಪಾಪ, ಅವನಾದರೂ ಏನು ಮಾಡಿಯಾನು. ಆದರೆ ಕೇಳದೆ ಕೊಟ್ಟದ್ದು ಮಾತ್ರ ಮುಳ್ಳಿನಂತೆ ಒಳಗೇ ಉಳಿದಿತ್ತು.

ಹಾಗೆಂದು ಮುದಿ ಕುದುರೆಗಳನ್ನು ಮಾರುವುದೇ ಇಲ್ಲ ಎಂದು ಆಕೆ ಹಟ ಹಿಡಿದವಳಲ್ಲ. ವಯಸ್ಸಾದ ಕುದುರೆಯನ್ನು ಕೊಟ್ಟುಬಿಡುತ್ತೀರಾ, ನಿಮಗೆ ಕರುಳಿಲ್ಲವಾ ಎಂದು ಮೂಗು ಮುರಿದವರಿಗೆ ಆಕೆಯ ಉತ್ತರ ಸಿದ್ಧವಿತ್ತು. "ಗೂಟಕ್ಕೆ ಕಟ್ಟಿಹಾಕಿ ನಾವು ಪುಣ್ಯವಂತರು ಅಂದುಕೊಳ್ಳೋದು ಸುಲಭ ಕಣ್ರೀ. ಇಡೀ ದಿನ ಮಕ್ಕಳ ಮಧ್ಯೆ ಇದ್ದದ್ದು ಸುಮ್ನೆ ಗೋಡೆ ನೋಡ್ತಾ ನಿಂತ್ರೆ ಒಳಗೊಳಗೇ ಕುಗ್ಗಿಹೋಗುತ್ತೆ. ಕೈಲಾದಷ್ಟು ಕೆಲಸ, ಪಕ್ಕದಲ್ಲೊಂದು ಜೀವ, ಇಷ್ಟು ಬೇಕು ಅದಕ್ಕೆ. ಅದು ನಮ್ಮಲ್ಲಿ ಇಲ್ಲ ಅಂದ್ರೆ ಇರೋ ಕಡೆ ಕೊಡಬೇಕು. ಅದೂ ಇನ್ನೂ ಗಟ್ಟಿಯಾಗಿರೋವಾಗಲೇ ಕೊಡಬೇಕು. ಏನೂ ಆಗದಿದ್ದಾಗ ಕೊಟ್ರೆ ಅದು ಕೊಡೋದಲ್ಲ, ಕಳಚಿಕೊಳ್ಳೋದು." ಗಂಡ ಇದಕ್ಕೊಂದು ಹೆಸರಿಟ್ಟಿದ್ದ: ನಿವೃತ್ತಿಯಲ್ಲ, ವರ್ಗಾವಣೆ.

ಈ ವರ್ಗಾವಣೆಗೆ ಆಕೆಯದೇ ಒಂದು ಕ್ರಮವಿತ್ತು. ವ್ಯಾಪಾರಿಗಳಿಗೆ ಗೇಟಿನ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ. ಬೇಕೆಂದು ಬಂದವರ ಮನೆಗೆ ತಾನೇ ಹೋಗಿ ಕೊಟ್ಟಿಗೆ, ನೀರು, ನೆರಳು ಎಲ್ಲ ನೋಡಿಬರುತ್ತಿದ್ದಳು. ಬೇಡವೆನಿಸಿದರೆ ಕುದುರೆ ವಾಪಸ್ ತನಗೇ ಬರಬೇಕು, ಇನ್ನೊಬ್ಬರ ಕೈಗೆ ಹೋಗಕೂಡದು ಎಂದು ಮಾತು ತೆಗೆದುಕೊಳ್ಳುತ್ತಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದು ದೂರು ಹೇಳುವುದು. ಕೊಳ್ಳಲು ಬಂದವರನ್ನು ಒಣಹುಲ್ಲಿನ ಹೊರೆಯ ಮೇಲೆ ಕೂರಿಸಿ, ಕುದುರೆಯ ಒಂದೊಂದೇ ಕೆಟ್ಟ ಬುದ್ಧಿಯನ್ನು ಅದರ ಎದುರಿಗೇ ಬಿಡಿಸಿ ಹೇಳುತ್ತಿದ್ದಳು. ಮುಚ್ಚುಮರೆ ಮಾಡಿದ ಕುದುರೆ ಊರೂರು ಅಲೆಯುತ್ತದೆ ಎಂಬುದು ಆಕೆಯ ನಂಬಿಕೆ. ಅರ್ಧಕ್ಕರ್ಧ ಜನ ದೂರು ಮುಗಿಯುವ ಮೊದಲೇ ಜಾಗ ಖಾಲಿ ಮಾಡುತ್ತಿದ್ದರು. "ನೀನೇನಾದ್ರೂ ಮದುವೆ ದಲ್ಲಾಳಿ ಆಗಿದ್ರೆ ಊರಲ್ಲಿ ಒಂದು ಮದುವೆನೂ ಆಗ್ತಿರಲಿಲ್ಲ" ಎಂದು ಗಂಡ ಕಿಟಕಿಯಿಂದಲೇ ಹೇಳುತ್ತಿದ್ದ.

ಆ ಸಲ ವರ್ಗಾವಣೆಯ ಸರದಿ ಗುಂಡಣ್ಣನದು. ಗುಂಡಣ್ಣ ಗಿಡ್ಡ ಜಾತಿಯ ಕುದುರೆ, ಪೋನಿ. ಕಂದು ಬಣ್ಣ, ಡೋಲಿನಂಥ ಹೊಟ್ಟೆ, ಮೂಗಿನವರೆಗೂ ಇಳಿಬಿದ್ದ ದಟ್ಟ ಮುಂಗೂದಲು. ಆ ಕೂದಲಿಗೆ ಕತ್ತರಿ ಹಾಕಲು ಮಕ್ಕಳು ಬಿಟ್ಟವರಲ್ಲ. ಮೊದಲ ಸಲ ಕುದುರೆ ಹತ್ತುವ ಮಗು ಯಾವುದೇ ಇರಲಿ, ಅದು ಹತ್ತುತ್ತಿದ್ದುದು ಗುಂಡಣ್ಣನನ್ನೇ. ಮಗು ಅಳಲಿ, ಒದೆಯಲಿ, ಕತ್ತಿಗೆ ಜೋತುಬೀಳಲಿ, ಅವನು ತನ್ನ ಪಾಡಿಗೆ ದೊಡ್ಡಮ್ಮನ ಬಾಲಕ್ಕೆ ಮೂಗು ತಾಗುವಷ್ಟು ಹತ್ತಿರ ಸಾಗುತ್ತಿದ್ದ. ಈಗ ಅವನ ಮಂಡಿ ಬಿಗಿಯುತ್ತಿತ್ತು. ಲಾಯದಿಂದ ಮರಳಿನ ಅಂಗಳಕ್ಕೆ ಏರುವ ದಿಬ್ಬದಲ್ಲಿ ಏದುಸಿರು ಬಿಡುತ್ತಿದ್ದ. ಮಕ್ಕಳನ್ನು ಹೊರುವ ಕೆಲಸ ಅವನಿಗೆ ಸಾಕಾಗಿತ್ತು.

ಹೊತ್ತಿಗೆ ಸರಿಯಾಗಿ ಬಂದವನು ಪಕ್ಕದ ಊರಿನ ಬೇಕರಿಯವನು. ಅವನ ತಾಯಿಗೆ ವೈದ್ಯರು ದಿನಾ ನಡೆಯಬೇಕು ಎಂದಿದ್ದರಂತೆ. ಆ ಮುದುಕಿಯೋ, ಕೆಲಸವಿಲ್ಲದೆ ಬೀದಿ ಸುತ್ತಲು ತನಗೇನು ಹುಚ್ಚೇ ಎಂದು ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ನಾಯಿ ತಂದರೆ ಬೊಗಳುತ್ತದೆ ಎಂದು ಬೈದು ಅಟ್ಟಿದ್ದಳು. ಕೊನೆಗೆ ಅವಳೇ ಹೇಳಿದಳಂತೆ, ತನ್ನ ತವರಿನಲ್ಲಿ ಒಂದು ಕುದುರೆಯಿತ್ತು, ಅಂಥದ್ದೊಂದು ಇದ್ದರೆ ಅದನ್ನು ಅಡ್ಡಾಡಿಸುವ ನೆಪದಲ್ಲಿ ತಾನೂ ನಡೆದೇನು ಎಂದು.

ಟೀಚರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೋಗಿ ನೋಡಿಬಂದಳು. ಬೇಕರಿಯ ಹಿಂದೆ ಬೇಲಿ ಹಾಕಿದ ದೊಡ್ಡ ಹುಲ್ಲುಗಾವಲು, ಮರದ ನೆರಳು, ಗಟ್ಟಿ ಸೂರಿನ ಕೊಟ್ಟಿಗೆ. ಸಮತಟ್ಟಾದ ದಾರಿ. ಎಲ್ಲೆಲ್ಲೂ ಬಿಸಿ ಬ್ರೆಡ್ಡಿನ ವಾಸನೆ. ಬಂದವಳು ಬೇಕರಿಯವನನ್ನು ಹುಲ್ಲಿನ ಹೊರೆಯ ಮೇಲೆ ಕೂರಿಸಿ ದೂರು ಶುರುಮಾಡಿದಳು. "ಜೇಬಿಗೆ ಮೂಗು ಹಾಕ್ತಾನೆ. ಸ್ನಾನ ಅಂದ್ರೆ ಆಗಲ್ಲ. ಮಂಡಿ ಬಿಗಿತ ಇದೆ, ಬೆಳಿಗ್ಗೆ ನಿಧಾನ. ಆಮೇಲೆ ಮುಖ್ಯವಾದ್ದು, ಹಠಮಾರಿ. ದೊಡ್ಡಮ್ಮನ ಹಿಂದೆ ಬಿಟ್ರೆ ಬೇರೆ ಯಾವ ಕುದುರೆ ಹಿಂದೆನೂ ನಡೆಯಲ್ಲ. ಬೇರೆ ಕಡೆ ನಿಲ್ಲಿಸಿದ್ರೆ ಕಾಲು ಕೀಳಲ್ಲ. ಸ್ವಲ್ಪ ದಿನ ಒದ್ದಾಡ್ತಾನೆ, ಆಮೇಲೆ ಸರಿಹೋಗ್ತಾನೆ."

"ನಮ್ಮಮ್ಮನ ಹಠದ ಮುಂದೆ ಯಾರ ಹಠ ನಡೆಯುತ್ತೆ ಬಿಡಿ ಟೀಚರ್" ಎಂದು ಬೇಕರಿಯವನು ನಕ್ಕ. ಗುಂಡಣ್ಣ ವ್ಯಾನು ಹತ್ತಿದ. ಹತ್ತುವಾಗ ಹಲಗೆಯ ಅಂಚಿಗೆ ಎಡವಿದ. ಮಂಡಿಬಿಗಿತ ಎಂದುಕೊಂಡಳು ಆಕೆ.

ಆ ವಾರವೆಲ್ಲ ಆಕೆ ಹಗುರಾಗಿ ಓಡಾಡಿದಳು. ಅಪ್ಪನ ಕುದುರೆಗೆ ಸಿಗದ ಹೊಲ ಗುಂಡಣ್ಣನಿಗೆ ಸಿಕ್ಕಿತ್ತಲ್ಲ. ಅಷ್ಟರಲ್ಲಿ ಬೇಕರಿಯವನ ಫೋನು ಬಂತು. ಅವನ ದನಿಯಲ್ಲಿ ನಗುವಿರಲಿಲ್ಲ.

"ನಿಮ್ಮ ಕುದುರೆ ನಮ್ಮಮ್ಮನ್ನ ಚರಂಡಿಗೆ ಕರ್ಕೊಂಡು ಹೋಗಿ ಬೀಳಿಸಿದೆ ಟೀಚರ್. ಸೀದಾ ಹೋಗಿ ಇಳಿದುಬಿಡ್ತಂತೆ. ಕೈ ತರಚಿದೆ ಅಷ್ಟೇ, ಕಾಲು ಮುರಿದಿದ್ರೆ? ಇಷ್ಟು ದಿನ ಕೊಟ್ಟಿಗೆ ಬಿಟ್ಟು ಬರ್ತಾನೇ ಇರ್ಲಿಲ್ಲ, ಗೋಡೆಗೆ ಮೂಗು ಹಚ್ಚಿ ನಿಂತಿರ್ತಿತ್ತು. ಈವತ್ತು ಹೊರಗೆ ಎಳೆದದ್ದೇ ತಪ್ಪಾಯ್ತು. ಎಲ್ಲಾ ದೂರು ಹೇಳಿದ್ರಿ, ಈ ಒಂದನ್ನ ಯಾಕೆ ಬಚ್ಚಿಟ್ರಿ?"

ಬಚ್ಚಿಟ್ಟಿರಿ ಎಂಬ ಮಾತು ಆಕೆಯ ಕೆನ್ನೆಗೆ ಬಾರಿಸಿದ ಹಾಗಾಯಿತು. ಬೂಟು ಕೂಡ ಕಳಚದೆ ಹೊರಟಳು.

ಮುದುಕಿ ಕೈಗೆ ಬಟ್ಟೆ ಸುತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಿದ್ದಳು. ಒಳಗೆ ಗುಂಡಣ್ಣ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಡೋಲಿನಂಥ ಹೊಟ್ಟೆ ಇಳಿದಿತ್ತು. ಟೀಚರ್ ಹೆಸರು ಹಿಡಿದು ಕರೆದದ್ದೇ ತಡ, ಕಿವಿ ನಿಮಿರಿಸಿದ. ಆದರೆ ತಿರುಗಿ ನೋಡಲಿಲ್ಲ.

"ಬಾ ತಾಯಿ, ಕೂತ್ಕೋ" ಎಂದಳು ಮುದುಕಿ. "ನನ್ನ ಮಗ ಕಿರುಚಾಡಿದ್ನಾ? ಕಿವಿಗೆ ಹಾಕ್ಕೋಬೇಡ. ಇವನನ್ನ ನೋಡ್ತಾನೇ ಇದ್ದೀನಿ ನಾನು. ಕಾಲು ಇಡೋ ಮುಂಚೆ ನೆಲ ಮೂಸ್ತಾನೆ. ಸದ್ದಾದ ಕಡೆ ಕಿವಿ ತಿರುಗಿಸ್ತಾನೆ, ಮುಖ ತಿರುಗಿಸಲ್ಲ. ನನಗೂ ಎರಡು ಕಣ್ಣಿಗೂ ಪೊರೆ ಬಂದಿದೆ, ನಾನೂ ಹಂಗೇ ನಡೆಯೋದು. ಇವನಿಗೆ ಕಣ್ಣು ಕಾಣ್ಸುತ್ತಾ?"

ಟೀಚರ್ ಕೂರಲಿಲ್ಲ. ಒಳಗೆ ಹೋಗಿ ಆ ದಟ್ಟ ಮುಂಗೂದಲನ್ನು ಸರಿಸಿದಳು. ಕಣ್ಣಿನೊಳಗೆ ತೆಳು ನೀಲಿ ಮಂಜು. ಅಂಗೈಯನ್ನು ಕಣ್ಣಿನ ಹತ್ತಿರ ತಂದಳು, ದೂರ ಒಯ್ದಳು, ಮತ್ತೆ ತಂದಳು. ರೆಪ್ಪೆ ಮಿಟುಕಲಿಲ್ಲ. ಇನ್ನೊಂದು ಕಣ್ಣೂ ಹಾಗೇ. ಗುಂಡಣ್ಣ ಮಾತ್ರ ಆಕೆಯ ಜೇಬು ಹುಡುಕಿ ಮೂಗು ತೂರಿಸಿದ.

ಆಗ ಎಲ್ಲ ಒಟ್ಟಿಗೆ ತಲೆಗೆ ಹೊಳೆಯಿತು. ಅವನು ನೋಡಿಕೊಂಡು ನಡೆಯುತ್ತಿರಲೇ ಇಲ್ಲ, ಕೇಳಿಕೊಂಡು ನಡೆಯುತ್ತಿದ್ದ. ದೊಡ್ಡಮ್ಮನ ಲಾಳದ ಟಣ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಗುಂಡಣ್ಣ. ಟಣ್ ನಿಂತಲ್ಲಿ ಅವನೂ ನಿಂತ. ಬೇರೆ ಕುದುರೆಯ ಹಿಂದೆ ನಿಲ್ಲಿಸಿದರೆ ದಾರಿಯೇ ಇರುತ್ತಿರಲಿಲ್ಲ ಅವನಿಗೆ. ಅದನ್ನು ಆಕೆ ಹಠ ಎಂದು ಹೇಳಿ ಮಾರಿದ್ದಳು. ಹಿಂದೆ ನೋಡುವುದು ನನ್ನ ಕೆಲಸ ಎಂದು ಮೆರೆದವಳು, ದಿನವೂ ಹಿಂತಿರುಗಿ ಮಕ್ಕಳ ಹಿಮ್ಮಡಿ ನೋಡಿದಳೇ ಹೊರತು ಕೂದಲಿನ ಹಿಂದಿನ ಕಣ್ಣು ನೋಡಿರಲಿಲ್ಲ. ಆಕೆಗೆ ತನ್ನ ಮೇಲೇ ಅಸಹ್ಯವಾಯಿತು. ಕುರುಡು ಕುದುರೆಯ ಬೆನ್ನ ಮೇಲೆ ಎಷ್ಟು ಮಕ್ಕಳನ್ನು ಕೂರಿಸಿದ್ದೆನಪ್ಪಾ ಎಂದು ಲೆಕ್ಕ ಹಾಕಿದಳು. ಒಂದು ಮಗುವನ್ನೂ ಅವನು ಬೀಳಿಸಿರಲಿಲ್ಲ ಎನ್ನುವುದು ನೆನಪಾಗಿ ಅವನ ಕತ್ತು ತಬ್ಬಿಕೊಂಡು ಅತ್ತಳು.

ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದ. "ಬಚ್ಚಿಟ್ಟಿದ್ದಲ್ಲಪ್ಪ, ನನಗೇ ಗೊತ್ತಿರ್ಲಿಲ್ಲ" ಎಂದಳು ಆಕೆ. "ಗೊತ್ತಿರಬೇಕಾಗಿತ್ತು. ತಪ್ಪು ನಂದೇ. ನಾಳೆನೇ ವಾಪಸ್ ಕರ್ಕೊಂಡು ಹೋಗ್ತೀನಿ."

ಅವನು ಆಗಲಿ ಎಂದು ತಲೆಯಾಡಿಸಿದ. ಮುದುಕಿ ಮಾತ್ರ ಕೋಲಿನಿಂದ ನೆಲ ಕುಟ್ಟಿದಳು. "ಕಣ್ಣು ಮಂಜಾಯ್ತು ಅಂತ ವಾಪಸ್ ಕಳ್ಸೋದಾದ್ರೆ ಮೊದಲು ನನ್ನ ಕಳ್ಸು" ಎಂದಳು ಮಗನಿಗೆ. ಏನಾದರೊಂದು ದಾರಿ ಹುಡುಕುವವರೆಗೆ ಗುಂಡಣ್ಣನನ್ನು ಕೊಟ್ಟಿಗೆಯಲ್ಲೇ ಇಟ್ಟಿರಿ ಎಂದು ಕೇಳಿಕೊಂಡು ಟೀಚರ್ ಮನೆಗೆ ಬಂದಳು.

ಗಂಡನ ಕೋಣೆಯಲ್ಲಿ ಚರ್ಮದ ತುಂಡುಗಳ ಮೇಲೆ ಕುಸಿದು ಕುಳಿತು ಎಲ್ಲ ಹೇಳಿದಳು. ಅವನು ಸೂಜಿ ಕೆಳಗಿಟ್ಟು ಕೇಳಿದ.

"ವಾಪಸ್ ತಂದು ಏನು ಮಾಡ್ತೀಯ?"

"ಅವನ ಜಾಗದಲ್ಲಿ ಕಟ್ಟಿ ಸಾಕ್ತೀನಿ. ಇನ್ನು ಮಕ್ಕಳನ್ನ ಹತ್ತಿಸೋಕೆ ಆಗಲ್ಲ."

"ಗೂಟಕ್ಕೆ ಕಟ್ಟಿ ಪುಣ್ಯ ಕಟ್ಕೋತೀಯ ಅನ್ನು. ದೊಡ್ಡಮ್ಮ ಅಂಗಳದಲ್ಲಿ ಟಣ್ ಟಣ್ ಅಂತ ಹೋಗ್ತಾ ಇರ್ತಾಳೆ. ಇವನು ಒಳಗೆ ನಿಂತು ಕೇಳಿಸ್ಕೋತಾ ಇರ್ತಾನೆ."

ಗಂಡ ಮೆಲ್ಲಗೆ, ಹೊಲಿಗೆ ಬಿಚ್ಚುವಷ್ಟು ಜೋಪಾನವಾಗಿ ಕೇಳಿದ: "ಒಂದು ಮಾತು ಕೇಳ್ತೀನಿ, ಬೈಬೇಡ. ದೊಡ್ಡಮ್ಮನ ವರ್ಗಾವಣೆ ಯಾವಾಗ?"

ಬೈದಳು. ಚೆನ್ನಾಗಿಯೇ ಬೈದಳು. ದೊಡ್ಡಮ್ಮನಿಗೇನು ವಯಸ್ಸಾಗಿದೆ, ಗಟ್ಟಿಮುಟ್ಟಾಗಿಲ್ಲವೇ, ನಿಮಗೆ ಆ ಟಣ್ ಸದ್ದು ಕಂಡರಾಗದು ಅದಕ್ಕೇ ಹೀಗೆ ಹೇಳುತ್ತೀರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ಸುಮ್ಮನೆ ಸೂಜಿಗೆ ದಾರ ಪೋಣಿಸಿದ. ದೊಡ್ಡಮ್ಮ ಗುಂಡಣ್ಣನಿಗಿಂತ ದೊಡ್ಡವಳು ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನ ಬೆಳಗಿನ ತರಗತಿಯಲ್ಲಿ ಆಕೆ ಹಿಂದಕ್ಕೆ ತಿರುಗಲಿಲ್ಲ. ಮೊದಲ ಬಾರಿಗೆ ಮಕ್ಕಳ ಹಿಮ್ಮಡಿ ದೇವರ ಪಾಲಿಗೆ ಬಿಟ್ಟು, ತನ್ನ ಕೆಳಗಿನ ಕುದುರೆಯನ್ನು ಗಮನಿಸಿದಳು. ದಿಬ್ಬದ ಬುಡದಲ್ಲಿ ದೊಡ್ಡಮ್ಮ ಒಂದು ಗಳಿಗೆ ನಿಂತಳು. ನಿಂತು, ಉಸಿರು ತೆಗೆದುಕೊಂಡು, ಹತ್ತಿದಳು. ಹೀಗೆ ನಿಲ್ಲುವುದು ಹೊಸತೇನಲ್ಲ. ಹೋದ ವರ್ಷ ಅದಕ್ಕೆ ಮಳೆಯ ಕೆಸರು ಕಾರಣವಾಗಿತ್ತು, ಆಮೇಲೆ ಹೊಸ ಜೀನು, ಆಮೇಲೆ ನೊಣ. ಬೇರೆ ಯಾವ ಕುದುರೆ ಹೀಗೆ ನಿಂತಿದ್ದರೂ ಆಕೆ ಅಂದೇ ಮನೆ ಹುಡುಕಲು ಶುರುಮಾಡಿರುತ್ತಿದ್ದಳು. ಆಕೆ ಕೆಳಗಿಳಿದಳು. ಉಳಿದ ತರಗತಿಯನ್ನು ಲಗಾಮು ಹಿಡಿದು ನಡೆದೇ ಮುಗಿಸಿದಳು. ದೊಡ್ಡಮ್ಮ ಇಲ್ಲದ ಲಾಯ, ದೊಡ್ಡಮ್ಮ ಇಲ್ಲದ ಮುಂಜಾವು ಹೇಗಿರುತ್ತದೆ ಎಂದು ಯೋಚಿಸಲು ಹೋಗಿ ಕಣ್ಣು ಒರೆಸಿಕೊಂಡಳು. ಮಕ್ಕಳು ಕೇಳಿದ್ದಕ್ಕೆ ಕಣ್ಣಿಗೆ ಮರಳು ಬಿತ್ತು ಎಂದಳು.

ಆ ಭಾನುವಾರ ಗಂಡನೇ ವ್ಯಾನು ಓಡಿಸಿದ. ದೊಡ್ಡಮ್ಮನನ್ನೂ ಇಟ್ಟುಕೊಳ್ಳುವಂತೆ ಬೇಕರಿಯವನನ್ನು ಆಕೆ ಫೋನಿನಲ್ಲೇ ಒಪ್ಪಿಸಿದ್ದಳು. ಬೇಕರಿಯ ಹಿಂದಿನ ಕಲ್ಲುಹಾಸಿನ ದಾರಿಗೆ ದೊಡ್ಡಮ್ಮನನ್ನು ಇಳಿಸಿದಾಗ, ಮೊದಲ ಕೆಲವು ಹೆಜ್ಜೆ ಸುಮ್ಮನೆ ಬಿದ್ದವು. ಆಮೇಲೆ ಟಣ್.

ಕೊಟ್ಟಿಗೆಯೊಳಗೆ ಏನೋ ಸರಿದಾಡಿದ ಸದ್ದು. ಗುಂಡಣ್ಣ ಬಾಗಿಲಿಗೆ ಬಂದ. ಯಾರೂ ಎಳೆಯಲಿಲ್ಲ, ಯಾರೂ ಕರೆಯಲಿಲ್ಲ. ಮತ್ತೊಮ್ಮೆ ಟಣ್ ಎಂದದ್ದೇ, ಹೊಸ್ತಿಲು ದಾಟಿ, ಬಿಗಿದ ಮಂಡಿಯಲ್ಲೇ ಕುಣಿಯುವವನಂತೆ ನಡೆದು ಬಂದು ದೊಡ್ಡಮ್ಮನ ಬಾಲಕ್ಕೆ ಮೂಗು ತಾಗಿಸಿದ. ದೊಡ್ಡಮ್ಮ ಕತ್ತು ತಿರುಗಿಸಿ ತನ್ನ ಆ ನೋಟ ನೋಡಿದಳು. ಇಷ್ಟು ದಿನ ಎಲ್ಲಿ ಹಾಳಾಗಿಹೋಗಿದ್ದೆ ಎಂದು ಕೇಳಿದ ಹಾಗಿತ್ತು.

"ಅಯ್ಯೋ ಸದ್ದು ಎಷ್ಟು ಚೆನ್ನಾಗಿದೆ!" ಎಂದಳು ಮುದುಕಿ. "ಇನ್ನು ನನಗೂ ದಾರಿ ತಪ್ಪಲ್ಲ ಬಿಡು."

ಆದರೂ ದೂರು ಹೇಳದೆ ಕುದುರೆ ಕೊಟ್ಟು ಅಭ್ಯಾಸವಿಲ್ಲದ ಟೀಚರ್, ತಾಯಿಮಗ ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿದಳು. "ನಕ್ಕರೆ ಸಿಟ್ಟು ಮಾಡ್ಕೋತಾಳೆ. ಬಕೆಟ್ಟು ಒದ್ದು ಉರುಳಿಸ್ತಾಳೆ. ಲಾಳ ಕಟ್ಟೋವಾಗ ಸದ್ದು ಹೋಗೋ ಹಾಗೆ ತಿದ್ದೋಕೆ ಬಿಡಬೇಡಿ. ವಯಸ್ಸಾಗಿದೆ." ಇಲ್ಲಿ ದೊಡ್ಡಮ್ಮನ ಕತ್ತು ಸವರಿದಳು. "ವಯಸ್ಸಾಗಿದೆ, ನಾನು ಒಪ್ಕೊಂಡಿರ್ಲಿಲ್ಲ. ಇನ್ನೊಂದೇ ಒಂದು. ನಾನು ಹೊರಟ ತಕ್ಷಣ ಕೂಗ್ತಾಳೆ. ಮರಿ ಆಗಿದ್ದಾಗಿಂದ ನಾನು ಕಣ್ಣಿಗೆ ಮರೆಯಾದ್ರೆ ಸಾಕು, ಊರು ಎದ್ದು ಕೂರೋ ಹಾಗೆ ಕೆನೀತಾಳೆ. ಹೆದರಬೇಡಿ. ನಾನು ತಿರುಗಿ ಬರಲ್ಲ. ಬಂದ್ರೆ ಬಿಟ್ಟು ಹೋಗೋಕೆ ಆಗಲ್ಲ ನನಗೆ."

ದೊಡ್ಡಮ್ಮನ ಹಣೆಗೆ ಹಣೆ ಹಚ್ಚಿ ನಿಂತಳು. ಆಮೇಲೆ ನೇರ ವ್ಯಾನಿನ ಕಡೆ ನಡೆದಳು, ಕಿವಿಯನ್ನೆಲ್ಲ ಬೆನ್ನ ಹಿಂದೆ ಇಟ್ಟುಕೊಂಡು. ಬೇಲಿ ದಾಟಿದಳು. ಬೇಕರಿಯ ಮೂಲೆ ತಿರುಗಿ ಮರೆಯಾದಳು. ಕೂಗು ಬರಲಿಲ್ಲ. ವ್ಯಾನು ಹತ್ತಿ ಕುಳಿತಳು. ಬರಲಿಲ್ಲ.

"ಸ್ವಲ್ಪ ತಾಳಿ" ಎಂದಳು ಗಂಡನಿಗೆ. ಅವನು ಕೀಲಿಯಿಂದ ಕೈ ತೆಗೆದ. ಇಬ್ಬರೂ ಕಿಟಕಿಯ ಗಾಜು ಇಳಿಸಿ ಕುಳಿತರು. ಆ ಕೂಗು ತನ್ನ ಜೀವ ಹಿಂಡುತ್ತದೆ ಎಂದು ರಾತ್ರಿಯೆಲ್ಲ ಹೆದರಿದ್ದವಳಿಗೆ, ಈಗ ಅದು ಬಾರದಿದ್ದುದೇ ಹಿಂಡತೊಡಗಿತು.

"ಕೂಗಲೇ ಇಲ್ಲ ರೀ."

ಅವನು ಚುಚ್ಚುವ ಮಾತೇನೂ ಆಡಲಿಲ್ಲ. ಆಕೆಯ ಕೈ ಮೇಲೆ ತನ್ನ ಮೇಣದ ಕೈ ಇಟ್ಟ. ಬೇಕರಿಯ ಹಿಂದಿನಿಂದ ಮುದುಕಿ ಯಾರಿಗೋ "ನಿಧಾನ, ನಿಧಾನ" ಎನ್ನುತ್ತಿದ್ದುದು ಕೇಳಿಸಿತು. ಅದರ ಮುಂದೆ, ಹುಲ್ಲುಗಾವಲಿನ ಕಡೆ ದೂರವಾಗುತ್ತ, ಟಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಣ್.

ಟೀಚರ್ ಮೂಗು ಒರೆಸಿಕೊಂಡಳು. "ನಡೀರಿ, ಹೋಗೋಣ" ಎಂದಳು. "ಅವಳಿಗೆ ಹಿಂದೆ ನೋಡ್ಕೊಳ್ಳೋಕೆ ಜನ ಇದ್ದಾರೆ."